ಕರ್ತನ ಮೇಜಿಗೆ ಮುನ್ನಿನ ಸಿದ್ಧತೆ: ಪ್ರೆಸ್ಬಿಟೇರಿಯನ್ ಪರಂಪರೆಯೂ ಕಾಸರಗೋಡು ಸೀಮೆಯ ಬಾಸೆಲ್ ಸಭೆಗಳೂ

ಇಂದು ಕೇರಳದ ಬಡಗಣ ತುದಿಯ ಜಿಲ್ಲೆಯೆನಿಸಿರುವ ಕಾಸರಗೋಡು, 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲ್ಲೂಕಾಗಿದ್ದಿತು. ಅದಕ್ಕೂ ಹಿಂದೆ ಬೇಕಲ ತಾಲ್ಲೂಕೆಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದಿತು. ಆದುದರಿಂದ ಈ ಸೀಮೆಯ ಪ್ರಾಟೆಸ್ಟಂಟ್ ಸಭೆಗಳ ಆಚಾರವನ್ನು ಕುರಿತು ವಿಚಾರ ಮಾಡಹೊರಡುವವನು ತಿರುವನಂತಪುರದ ಕಡೆಗಲ್ಲ, ಬಾಸೆಲ್ ಮಿಶನ್ನಿನ ನೆಲೆಯಾಗಿದ್ದ ಮಂಗಳೂರಿನ ಬಲ್ಮಠದ ಗುಡ್ಡದ ಕಡೆಗೆ ಮುಖ ಮಾಡಬೇಕಾಗುತ್ತದೆ. ಕರ್ತನ ರಾತ್ರಿಭೋಜನವೆಂದು ನಮ್ಮ ಸಭೆಗಳಲ್ಲಿ ಕರೆಯಲ್ಪಡುವ ರೊಟ್ಟಿ ಹಾಗೂ ದ್ರಾಕ್ಷಾರಸದ ಸಂಸ್ಕಾರವನ್ನು ಸ್ವೀಕರಿಸುವುದಕ್ಕೆ ಮುಂಚೆ ವಿಶ್ವಾಸಿಯು ತನ್ನನ್ನು ಹೇಗೆ ಅಣಿಗೊಳಿಸಿಕೊಳ್ಳಬೇಕೆಂಬ ಪ್ರಶ್ನೆಯು ಯೂರೋಪಿನಲ್ಲಿ ಬಹುಮಟ್ಟಿಗೆ ಏಕಾಂತದ ಆತ್ಮಪರೀಕ್ಷೆಯ ಪ್ರಶ್ನೆಯಾಗಿ ಬೆಳೆದು ಬಂದಿತು. ಅದೇ ಪ್ರಶ್ನೆಯು ಕಡಲು ದಾಟಿ ಈ ತೀರಕ್ಕೆ ಬಂದಾಗ, ನಿನ್ನೆಯವರೆಗೆ ಯಾರ ಮನೆಯ ನೀರನ್ನು ಮುಟ್ಟಲಾಗುತ್ತಿರಲಿಲ್ಲವೋ ಅವನೊಡನೆ ಒಂದೇ ಪಾತ್ರೆಗೆ ತುಟಿ ತಾಗಿಸಲು ಮನಸ್ಸನ್ನು ಒಪ್ಪಿಸುವ ಪ್ರಶ್ನೆಯಾಗಿ ಮಾರ್ಪಟ್ಟಿತು. ಈ ಮಾರ್ಪಾಟನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಿದ್ಧತೆಯ ವಿಚಾರಕ್ಕೆಲ್ಲ ಮೂಲ, ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯ. ಅಯೋಗ್ಯವಾಗಿ ಉಣ್ಣುವವನು ತನಗೇ ನ್ಯಾಯತೀರ್ಪನ್ನು ಬರಮಾಡಿಕೊಳ್ಳುತ್ತಾನೆ, ಆದಕಾರಣ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬುದು ಅಲ್ಲಿಯ ಎಚ್ಚರಿಕೆಯ ತಾತ್ಪರ್ಯ. ಆದರೆ ಅದೇ ಅಧ್ಯಾಯವನ್ನು ಮೊದಲಿನಿಂದ ಓದಿಕೊಂಡು ಬಂದವರಿಗೆ ಇನ್ನೊಂದು ಸಂಗತಿಯೂ ಗೋಚರಿಸುವುದು: ಪೌಲನು ಕೋಪಗೊಂಡದ್ದು ಯಾವನೋ ಒಬ್ಬನ ಅಂತರಂಗದ ಸಂಶಯವನ್ನು ಕಂಡು ಅಲ್ಲ, ಉಳ್ಳವರು ಮೊದಲೇ ಉಂಡು ತಣಿದು, ಇಲ್ಲದವರನ್ನು ಹಸಿವಿನಲ್ಲಿಯೇ ಬಿಟ್ಟು ನಾಚಿಕೆಪಡಿಸುತ್ತಿದ್ದುದನ್ನು ಕಂಡು. ಸುಧಾರಣೆಯ ಯುಗದ ಆಚಾರ್ಯರು ಮೊದಲಿನ ಅರ್ಥವನ್ನೇ ಹೆಚ್ಚು ಹಿಡಿದರು. ಜಿನೀವಾದ ಕ್ಯಾಲ್ವಿನನಿಗೆ ಪ್ರತಿ ವಾರವೂ ಈ ಭೋಜನವು ನಡೆಯಬೇಕೆಂಬ ಹಂಬಲವಿದ್ದಿತಾದರೂ 1541ರ ಸಭಾನಿಯಮಗಳಲ್ಲಿ ವರ್ಷಕ್ಕೆ ನಾಲ್ಕು ಸಲವೆಂದು ನಿಶ್ಚಯವಾಯಿತು. ಪ್ರೆಸ್ಬಿಟೇರಿಯನ್ ಪರಂಪರೆಯ ತವರಾದ ಸ್ಕಾಟ್ಲೆಂಡಿನ 1560ರ ಮೊದಲನೆಯ ಶಿಸ್ತಿನ ಗ್ರಂಥವೂ ನಾಲ್ಕು ಸಲವೆಂದೇ ಹೇಳಿತು. ವ್ಯವಹಾರದಲ್ಲಿ ಅನೇಕ ಗ್ರಾಮಗಳಲ್ಲಿ ಅದು ವರ್ಷಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಅಪರೂಪವಾದುದಕ್ಕೆ ಭಯಭಕ್ತಿಗಳು ಹೆಚ್ಚುವುದು ಲೋಕಸ್ವಭಾವವೇ ಆಗಿರುವುದರಿಂದ, ಭೋಜನವು ವಿರಳವಾದಷ್ಟೂ ಅದರ ಮುನ್ನಿನ ಸಿದ್ಧತೆಯು ದೀರ್ಘವಾಗುತ್ತ ಹೋಯಿತು.

ಸ್ಕಾಟ್ಲೆಂಡಿನ ಗ್ರಾಮಗಳಲ್ಲಿ ಸಂಸ್ಕಾರದ ಕಾಲವೆಂದರೆ ಒಂದು ದಿನದ ಮಾತಲ್ಲ. ಗುರುವಾರ ಉಪವಾಸದ ದಿನ, ಬೆಟ್ಟನಾಡಿನಲ್ಲಿ ಶುಕ್ರವಾರ ಪ್ರಶ್ನೆಯ ದಿನ, ಅಂದು ಬೋಧಕರಲ್ಲದ ಅನುಭವಸ್ಥ ಗೃಹಸ್ಥರು ಎದ್ದು ನಿಂತು ನಿಜವಾದ ವಿಶ್ವಾಸದ ಲಕ್ಷಣಗಳಾವುವೆಂದು ವಿಚಾರಿಸುತ್ತಿದ್ದರು, ಶನಿವಾರ ಸಿದ್ಧತೆಯ ಪ್ರಸಂಗ, ಆದಿತ್ಯವಾರ ಭೋಜನ, ಸೋಮವಾರ ಕೃತಜ್ಞತಾಸ್ತುತಿ. ಈ ಸೋಮವಾರದ ಕೂಟವು 1630ರ ಜೂನ್ 21ರಂದು ಶಾಟ್ಸ್ ಎಂಬ ಗ್ರಾಮದಲ್ಲಿ ಲಿವಿಂಗ್‌ಸ್ಟನ್ ಎಂಬ ತರುಣ ಬೋಧಕನು ಮಾಡಿದ ಪ್ರಸಂಗದಿಂದ ಪ್ರಸಿದ್ಧವಾಯಿತು. ಬಿಳಿಯ ಬಟ್ಟೆ ಹಾಸಿದ ಉದ್ದವಾದ ಮೇಜುಗಳ ಮುಂದೆ ಜನರು ಪಂಕ್ತಿಪಂಕ್ತಿಯಾಗಿ ಕುಳಿತುಕೊಳ್ಳುವರು. ಅದಕ್ಕೆ ಮೊದಲು ಬೋಧಕನು ಮೇಜಿಗೆ ಬೇಲಿ ಕಟ್ಟುವ ಪ್ರಸಂಗವನ್ನು ಮಾಡಿ, ಎಂಥವರು ಬರಕೂಡದು, ಎಂಥವರು ಧೈರ್ಯದಿಂದ ಬರಬೇಕು ಎಂಬುದನ್ನು ವಿಂಗಡಿಸಿ ಹೇಳುವನು. ಹಿರಿಯರು ಮನೆಮನೆಗೆ ಹೋಗಿ ಪ್ರಶ್ನೋತ್ತರಮಾಲೆಯನ್ನು ಕೇಳಿ, ನಡತೆಯನ್ನು ವಿಚಾರಿಸಿ, ಯೋಗ್ಯರೆಂದು ಕಂಡವರಿಗೆ ಸೀಸದ ಒಂದು ಬಿಲ್ಲೆಯನ್ನು ಕೊಡುತ್ತಿದ್ದರು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಚೌಕವೋ ದುಂಡೋ ಅಂಡಾಕಾರವೋ ಆದ ಆ ಬಿಲ್ಲೆಯ ಒಂದು ಮುಖದಲ್ಲಿ ಗ್ರಾಮದ ಹೆಸರಿನ ಮೊದಲಕ್ಷರ ಹಾಗೂ ಇಸವಿ, ಕೆಲವೊಮ್ಮೆ ಇನ್ನೊಂದು ಮುಖದಲ್ಲಿ ಆತ್ಮಪರೀಕ್ಷೆಯ ವಚನದ ಅಂಕಿ ಅಚ್ಚಾಗಿರುತ್ತಿದ್ದವು. ಅದನ್ನು ಹಿರಿಯನ ಕೈಗೆ ಒಪ್ಪಿಸಿದ ಮೇಲೆಯೇ ಮೇಜಿನ ಬಳಿಗೆ ಪ್ರವೇಶ. ಫ್ರಾನ್ಸಿನ ಸುಧಾರಿತ ಸಭೆಗಳಲ್ಲಿಯೂ ಇಂಥ ಬಿಲ್ಲೆಗಳು ಬಳಕೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದದ ಚೀಟಿಯು ಬಂದು ಲೋಹದ ಬಿಲ್ಲೆಯನ್ನು ತಳ್ಳಿತು.

ಇದೆಲ್ಲವನ್ನೂ ಕೇವಲ ಬಾಗಿಲು ಕಾಯುವ ವ್ಯವಸ್ಥೆಯೆಂದು ತಿಳಿಯುವುದು ಅನ್ಯಾಯವಾದೀತು. ವೆಸ್ಟ್‌ಮಿನ್‌ಸ್ಟರಿನಲ್ಲಿ ರಚಿತವಾಗಿ 1648ರಲ್ಲಿ ಸ್ಕಾಟ್ಲೆಂಡಿನ ಮಹಾಸಭೆಯಿಂದ ಅಂಗೀಕೃತವಾದ ದೊಡ್ಡ ಪ್ರಶ್ನೋತ್ತರಮಾಲೆಯ 171ರಿಂದ 175ರ ವರೆಗಿನ ಪ್ರಶ್ನೆಗಳು ಸಿದ್ಧತೆಯನ್ನು ಕುರಿತು ಪ್ರೆಸ್ಬಿಟೇರಿಯನ್ ಪರಂಪರೆಯು ಬರೆದಿಟ್ಟ ಅತ್ಯಂತ ಪಕ್ವವಾದ ಉಪದೇಶವೆಂದು ನನ್ನ ಅಭಿಪ್ರಾಯ. ಪಾಪಗಳನ್ನೂ ಕೊರತೆಗಳನ್ನೂ, ಜ್ಞಾನ, ವಿಶ್ವಾಸ, ಪಶ್ಚಾತ್ತಾಪ, ದೇವಪ್ರೀತಿ, ಸಹೋದರಪ್ರೀತಿಗಳ ಸತ್ಯತೆಯನ್ನೂ ಪರೀಕ್ಷಿಸಿಕೊಂಡು, ತಪ್ಪು ಮಾಡಿದವರನ್ನು ಕ್ಷಮಿಸಿ, ಧ್ಯಾನ ಪ್ರಾರ್ಥನೆಗಳಿಂದ ಬರಬೇಕೆಂದು ಮೊದಲನೆಯ ಉತ್ತರವು ಹೇಳುತ್ತದೆ. ಅದರ ಬೆನ್ನಿಗೇ ಬರುವ 172ನೆಯ ಪ್ರಶ್ನೆಯಾದರೋ, ತನಗೆ ಕ್ರಿಸ್ತನಲ್ಲಿ ಪಾಲುಂಟೋ ಇಲ್ಲವೋ ಎಂದು ಸಂದೇಹಪಡುವವನು ಬರಬಹುದೇ ಎಂಬುದು. ಅವನು ಆ ಸಂದೇಹಕ್ಕಾಗಿ ಮರುಗುವವನೂ ಕ್ರಿಸ್ತನನ್ನು ಬಯಸುವವನೂ ಆಗಿದ್ದರೆ ಬರಬಹುದು ಮಾತ್ರವಲ್ಲ, ಬರಲೇಬೇಕು, ಏಕೆಂದರೆ ಈ ಸಂಸ್ಕಾರವು ನೇಮಕವಾದುದೇ ದುರ್ಬಲರ ಸಮಾಧಾನಕ್ಕಾಗಿ ಎಂಬುದು ಅಲ್ಲಿಯ ನಿರ್ಣಯ. ಎಡಿನ್‌ಬರೋವಿನಲ್ಲಿ ಹೀಬ್ರೂ ಭಾಷೆಯ ಆಚಾರ್ಯನಾಗಿದ್ದ ಜಾನ್ ಡಂಕನ್ ಎಂಬವನು, ಪಾತ್ರೆಯು ಎದುರಿಗೆ ಬಂದಾಗ ಅಳುತ್ತ ಮುಖ ತಿರುಗಿಸಿಕೊಂಡ ಹೆಂಗಸೊಬ್ಬಳಿಗೆ, ಇದು ಪಾಪಿಗಳಿಗಾಗಿಯೇ ಇರುವುದಮ್ಮಾ, ತೆಗೆದುಕೋ ಎಂದು ಪಾತ್ರೆಯನ್ನು ಮತ್ತೆ ಚಾಚಿದನೆಂಬ ಐತಿಹ್ಯವು ಆ ನಾಡಿನಲ್ಲಿ ಬಹುಕಾಲದಿಂದ ಹೇಳಲ್ಪಡುತ್ತಿದೆ. ದೀರ್ಘವಾದ ಸಿದ್ಧತೆಯನ್ನೇ ಪ್ರಶ್ನಿಸಿದವರೂ ಇದ್ದರು: 1798ರಲ್ಲಿ ನ್ಯೂಯಾರ್ಕಿನ ಜಾನ್ ಮೇಸನ್ ಎಂಬ ಬೋಧಕನು ಪತ್ರರೂಪದ ಗ್ರಂಥವೊಂದನ್ನು ಬರೆದು, ಉಪವಾಸದ ದಿನ, ಕೃತಜ್ಞತೆಯ ದಿನಗಳ ಭಾರದಿಂದಲೇ ಭೋಜನವು ವಿರಳವಾಗಿದೆ, ಅವು ಶಾಸ್ತ್ರವಿಧಿಗಳಲ್ಲ ಎಂದು ವಾದಿಸಿದನು.

ಇನ್ನು ನಮ್ಮ ತೀರಕ್ಕೆ ಬರೋಣ. ಕನ್ನಡ ನಾಡಿನಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯು ಬೆಂಗಳೂರಿನ ಸೇಂಟ್ ಆಂಡ್ರೂಸ್ ದೇವಾಲಯದಂಥ ಒಂದೆರಡು ಕಡೆಗಳಲ್ಲಿ, ಅದೂ ಬಹುಮಟ್ಟಿಗೆ ಆಂಗ್ಲಭಾಷಿಕರಿಗಾಗಿ ನೆಲೆಗೊಂಡಿತು. ಕನ್ನಡ ತುಳು ಜನರ ನಡುವೆ ಆ ಪರಂಪರೆಯ ರಕ್ತಸಂಬಂಧಿಯಾಗಿ ಬಂದುದು ಬಾಸೆಲ್ ಮಿಶನ್. 1815ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಯಲ್ಲಿ ಮಂಗಳೂರನ್ನು ಸೇರಿದರು. ಬಂದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಭಕ್ತಿಪಂಥೀಯ ಮನೆತನಗಳವರು, ಜನ್ಮದಿಂದ ಲೂಥರನ ಅನುಯಾಯಿಗಳು. ಕಳುಹಿಸಿದ ನಗರವಾದರೋ ಸುಧಾರಿತ ಸಂಪ್ರದಾಯದ್ದು. ಈ ಎರಡು ಹೊಳೆಗಳ ಸಂಗಮದಿಂದಾಗಿ ಇಲ್ಲಿಯ ಸಭೆಗಳಿಗೆ ಹಿರಿಯರ ಮಂಡಳಿಯಿಂದ ನಡೆಯುವ ಪ್ರೆಸ್ಬಿಟರಿಯ ಆಡಳಿತವೂ, ಭೋಜನಕ್ಕೆ ಮುನ್ನ ಪಾಪನಿವೇದನೆಯನ್ನು ಮಾಡಿ ಕ್ಷಮೆಯ ಘೋಷಣೆಯನ್ನು ಕೇಳುವ ಲೂಥರನ ಪದ್ಧತಿಯೂ ಒಟ್ಟಿಗೆ ಬಂದವು. ಪಶ್ಚಿಮ ಆಫ್ರಿಕದ ಘಾನಾದಲ್ಲಿ ಇದೇ ಬಾಸೆಲ್ ಮಿಶನ್ನಿನ ಸಭೆಗಳು ಮೊದಲನೆಯ ಮಹಾಯುದ್ಧದ ಸಂದರ್ಭದಲ್ಲಿ ಸ್ಕಾಟ್ಲೆಂಡಿನವರ ಮೇಲ್ವಿಚಾರಣೆಗೆ ಬಂದು ಮುಂದೆ ಪ್ರೆಸ್ಬಿಟೇರಿಯನ್ ಎಂಬ ಹೆಸರನ್ನೇ ಪಡೆದುವೆಂಬುದನ್ನು ನೆನೆದರೆ ಈ ಬಂಧುತ್ವವು ಸ್ಪಷ್ಟವಾಗುತ್ತದೆ. ಕಾಸರಗೋಡು ಪಟ್ಟಣದಲ್ಲಿ ಇಂದಿಗೂ ಬಿ.ಇ.ಎಂ. ಎಂಬ ಮೂರಕ್ಷರಗಳನ್ನು ಹೊತ್ತಿರುವ ಪ್ರೌಢಶಾಲೆಯು ಬಾಸೆಲ್ ಇವಾಂಜೆಲಿಕಲ್ ಮಿಶನ್ನಿನ ಹೆಸರನ್ನು ಉಳಿಸಿಕೊಂಡಿದೆ.

ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಯೋಸೆನ್‌ಹಾನ್ಸ್ 1851–52ರಲ್ಲಿ ಸ್ವತಃ ಬಂದು ಇಲ್ಲಿಯ ಸಭೆಗಳನ್ನು ನೋಡಿಹೋದ ಮೇಲೆ ಸಭಾಡಳಿತವು ಒಂದು ಕಟ್ಟಳೆಗೆ ಒಳಪಟ್ಟಿತು. ದೀಕ್ಷಾಸ್ನಾನ ಹೊಂದಿದ ಮಕ್ಕಳು ಪ್ರಶ್ನೋತ್ತರಮಾಲೆಯನ್ನು ಕಲಿತು ದೃಢೀಕರಣ ಹೊಂದಿದ ಮೇಲೆಯೇ ಮೇಜಿಗೆ ಬರುತ್ತಿದ್ದರು. ಭೋಜನಕ್ಕೆ ಬರಬಯಸುವವರು ಮುಂಚಿತವಾಗಿ ಸಭಾಪಾಲಕರಲ್ಲಿಗೆ ಹೋಗಿ ಹೆಸರು ಕೊಡಬೇಕಾಗಿದ್ದಿತು. ಆ ಭೇಟಿಯೇ ಒಂದು ಮಾತುಕತೆಯ ಸಂದರ್ಭ. ಬಿಲ್ಲೆಯು ಇಲ್ಲಿರಲಿಲ್ಲ, ಅದರ ಸ್ಥಾನದಲ್ಲಿ ಹೆಸರಿನ ಪಟ್ಟಿ ಇದ್ದಿತು. ಭೂತದ ಕೋಲಕ್ಕೆ ಹೋದದ್ದು, ಕುಡಿತ, ನೆರೆಯವರೊಡನೆ ಜಗಳ, ಪೂರ್ವಾಚಾರದ ಮದುವೆ, ಇವು ವಿಚಾರಣೆಗೆ ಬರುತ್ತಿದ್ದ ಸಂಗತಿಗಳು. ಮಿಶನ್ನಿನ ವಾರ್ಷಿಕ ವರದಿಗಳ ಕೋಷ್ಟಕಗಳಲ್ಲಿ ಭೋಜನಕ್ಕೆ ಸೇರುವವರು, ಇನ್ನೂ ಸೇರದವರು, ಬಹಿಷ್ಕೃತರು ಎಂಬ ಪ್ರತ್ಯೇಕ ಅಂಕಣಗಳಿದ್ದುದರಿಂದ, ಒಂದೊಂದು ಸಭೆಯ ಆಂತರಿಕ ಸ್ಥಿತಿಯನ್ನು ಅಂಕಿಗಳಲ್ಲಿ ಅಳೆಯುವ ಪ್ರಯತ್ನವು ನಡೆದಿತ್ತೆಂಬುದು ತಿಳಿಯುತ್ತದೆ.

ಈ ಅಂಕಣಗಳು ಹೇಳದ ಮಾತೇ ನಮಗೆ ಮುಖ್ಯವಾದುದು. 1844ರ ಜನವರಿ 6ರಂದು ಮಿಶನರಿ ಮೋಗ್ಲಿಂಗನಿಂದ ದೀಕ್ಷಾಸ್ನಾನ ಹೊಂದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನೂ, ಸಂಖ್ಯೆಯಲ್ಲಿ ಅಧಿಕರಾಗಿ ಬಂದ ಬಿಲ್ಲವರೂ, ಮೊಗವೀರರೂ ಒಂದೇ ಸಭೆಯ ಅಂಗಗಳಾದರು. ಮಡಿ ಮೈಲಿಗೆ, ಮುಸುರೆ ಎಂಜಲುಗಳೆಂಬ ಭೇದಗಳು ಶೈಶವದಿಂದಲೇ ಮೈಗೂಡಿದ ಈ ನಾಡಿನಲ್ಲಿ, ಒಂದೇ ರೊಟ್ಟಿಯನ್ನು ಮುರಿದು ಹಂಚಿ, ಒಬ್ಬರು ಕುಡಿದ ಪಾತ್ರೆಯನ್ನೇ ಇನ್ನೊಬ್ಬರು ತುಟಿಗೆ ಮುಟ್ಟಿಸುವುದು ಸ್ಕಾಟ್ಲೆಂಡಿನ ಯಾವ ಒಕ್ಕಲಿಗನಿಗೂ ಎದುರಾಗದಿದ್ದ ಪರೀಕ್ಷೆ. ಬಾಸೆಲಿನವರು ಜಾತಿಯ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಆದುದರಿಂದ ಆತ್ಮಪರೀಕ್ಷೆಯೆಂದರೆ ಇಲ್ಲಿ ಕೇವಲ ಗುಪ್ತಪಾಪಗಳ ಸ್ಮರಣೆಯಾಗಿರಲಾರದು. ಪಕ್ಕದಲ್ಲಿ ನಿಲ್ಲುವವನ ಕೈಯಿಂದ ಬಂದುದನ್ನು ಅಸಹ್ಯವಿಲ್ಲದೆ ಸ್ವೀಕರಿಸಬಲ್ಲೆನೇ ಎಂಬ ಪ್ರಶ್ನೆಯು ಅದರ ಒಳಗೇ ಅಡಗಿದ್ದಿತು. ಕೊರಿಂಥದ ಸಭೆಗೆ ಪೌಲನು ಹಾಕಿದ ಮೂಲ ಪ್ರಶ್ನೆಯೂ ಇದೇ. ಯೂರೋಪು ಬದಿಗಿರಿಸಿದ್ದ ಆ ಅಧ್ಯಾಯದ ಮುಂಚಿನ ಭಾಗವು ಕೆನರಾ ತೀರದಲ್ಲಿ ಮರಳಿ ಜೀವ ತಳೆಯಿತೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು, ಅದನ್ನು ಮುಚ್ಚಿಡುವುದು ಸಂಶೋಧಕನಿಗೆ ತರವಲ್ಲ. ಕಳ್ಳು ಇಳಿಸುವ ಮೂರ್ತೆಯ ಕಸುಬನ್ನು ಮಿಶನ್ ಒಪ್ಪದಿದ್ದುದರಿಂದ ಬಿಲ್ಲವರು ಸಭೆಗೆ ಸೇರುವಾಗ ಕುಲಕಸುಬನ್ನೇ ತೊರೆಯಬೇಕಾಗುತ್ತಿದ್ದಿತು. ಅವರ ಜೀವನೋಪಾಯಕ್ಕಾಗಿ ನೇಯ್ಗೆಯ ಶಾಲೆಗಳೂ, 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ತಲೆಯೆತ್ತಿದವು. ಕೆಂಪು ಹಂಚಿನ ಮಾಡುಗಳು ಕಾಸರಗೋಡಿನಿಂದ ಕುಂದಾಪುರದವರೆಗೆ ಹರಡಿದ್ದು ಎಲ್ಲರಿಗೂ ತಿಳಿದ ವಿಷಯ. ಆದರೆ ಕೂಲಿ ಕೊಡುವ ಕೈಯೂ ರೊಟ್ಟಿ ಕೊಡುವ ಕೈಯೂ ಒಂದೇ ಆದಾಗ, ಸಭಾಪಾಲಕರ ಮುಂದೆ ಹೆಸರು ಕೊಡಲು ಬಂದ ಕೂಲಿಗಾರನ ಪಾಪನಿವೇದನೆಯು ಎಷ್ಟರಮಟ್ಟಿಗೆ ಸ್ವತಂತ್ರವಾಗಿದ್ದೀತು? ಮೇಜಿನಿಂದ ದೂರವಿಡಲ್ಪಡುವ ಭಯದೊಡನೆ ಹೊಟ್ಟೆಪಾಡಿನ ಭಯವೂ ಬೆರೆತಿದ್ದರೆ, ಆ ಬೆರಕೆಗೆ ಹೊಣೆ ಕೂಲಿಗಾರನದಲ್ಲ.

ಭಾಷೆಯ ಸಂಗತಿಯನ್ನೂ ಇಲ್ಲಿ ಎತ್ತಬೇಕು. ಮಿಶನರಿ ಅಮ್ಮನ್ ಮೊದಲಾದವರ ಶ್ರಮದಿಂದ ತುಳುವಿನಲ್ಲಿ ಹೊಸ ಒಡಂಬಡಿಕೆಯು 1847ರಲ್ಲಿಯೇ ಮುದ್ರಿತವಾಗಿದ್ದರೂ, ಓದು ಬರಹ ಆರಾಧನೆಗಳಲ್ಲಿ ಕನ್ನಡವು ಪ್ರಬಲವಾಯಿತು. ತುಳು, ಕನ್ನಡ, ಮಲಯಾಳ, ಕೊಂಕಣಿಗಳು ಒಂದೇ ಬೀದಿಯಲ್ಲಿ ಕೇಳಿಬರುವ ಕಾಸರಗೋಡಿನಲ್ಲಿ ಮನೆಯ ಜಗಳವು ತುಳುವಿನಲ್ಲಿ ನಡೆದು, ಅದರ ಪಶ್ಚಾತ್ತಾಪವು ಗ್ರಂಥಸ್ಥ ಕನ್ನಡದಲ್ಲಿ ನಡೆಯಬೇಕಾಗಿದ್ದುದು ಸಿದ್ಧತೆಗೆ ಒಂದು ಗಾಂಭೀರ್ಯವನ್ನೂ ಒಂದು ದೂರವನ್ನೂ ತಂದಿತು. ಹಾಗೆಂದು ಆ ಕನ್ನಡವು ಪರಕೀಯವಾಗಿಯೇ ಉಳಿಯಲಿಲ್ಲ. ಸಭೆಯ ಹೊರಗಿನವರಾದ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಮರಣವನ್ನೇ ವಸ್ತುವಾಗಿಟ್ಟುಕೊಂಡು ‘ಗೊಲ್ಗೊಥಾ’ ಕಾವ್ಯವನ್ನು ರಚಿಸಿದುದು ಇದೇ ಮಣ್ಣಿನಲ್ಲಿ.

1919ರಲ್ಲಿ ಬಾಸೆಲ್ ಮಿಶನ್ನಿನ ಮಲಬಾರ್ ಸಭೆಗಳು ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಶನಲ್ ಸಭೆಗಳು ಕೂಡಿ ರಚಿಸಿದ್ದ ದಕ್ಷಿಣ ಭಾರತದ ಐಕ್ಯ ಸಭೆಯನ್ನು ಸೇರಿದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯಿಸಿತು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಕೆಲಕಾಲ ಪ್ರತ್ಯೇಕವಾಗಿದ್ದು ಅನಂತರ ಅದರಲ್ಲಿ ಕೂಡಿಕೊಂಡವು. 1950ರಲ್ಲಿ ದಕ್ಷಿಣ ಭಾರತ ಸಭೆಯು ಪ್ರಕಟಿಸಿದ ಭೋಜನದ ಆರಾಧನಾಕ್ರಮದಲ್ಲಿ ಸಿದ್ಧತೆಯೆಂಬುದು ಮೊದಲನೆಯ ಭಾಗವಾಗಿ ಆರಾಧನೆಯೊಳಗೇ ಸೇರಿತು. ಅದಕ್ಕಿಂತ ಗಮನಾರ್ಹವಾದುದು ಸಮಾಧಾನವನ್ನು ಹಂಚುವ ವಿಧಿ: ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವ ಮೊದಲು, ಕೊಡುವವನು ತನ್ನ ಬಲ ಅಂಗೈಯನ್ನು ಪಡೆಯುವವನ ಬಲ ಅಂಗೈಗೆ ತಾಗಿಸಿ, ಇಬ್ಬರೂ ಎಡಗೈಗಳಿಂದ ಅದನ್ನು ಮುಚ್ಚುವರು, ಹೀಗೆ ಅದು ಸಾಲಿನಿಂದ ಸಾಲಿಗೆ ಸಾಗುವುದು. ಕೇರಳದ ಸುರಿಯಾನಿ ಕ್ರೈಸ್ತರಿಂದ ಸ್ವೀಕೃತವಾದ ಈ ವಿಧಿಯಲ್ಲಿ, ಕಾಣಿಕೆಯನ್ನು ಬಲಿಪೀಠದ ಬಳಿ ಬಿಟ್ಟು ಮೊದಲು ಸಹೋದರನೊಡನೆ ಒಂದಾಗು ಎಂಬ ಮತ್ತಾಯನ ಸುವಾರ್ತೆಯ ಆಜ್ಞೆಯು ಕ್ರಮದಲ್ಲಿಯೂ ಪಾಲಿತವಾಗುತ್ತದೆ, ಎಂಜಲಿನ ನಾಡಿನಲ್ಲಿ ಸ್ಪರ್ಶವೇ ಸಿದ್ಧತೆಯ ಅಂಗವೂ ಆಗುತ್ತದೆ. ಆದರೂ ಹೆಸರು ಕೊಡಲು ವಾರದ ನಡುವೆ ಸಭಾಪಾಲಕರ ಮನೆಯ ಮೆಟ್ಟಿಲು ಹತ್ತುತ್ತಿದ್ದ ಹಳೆಯ ಪದ್ಧತಿಯು ಇದರಿಂದ ಅನವಶ್ಯಕವಾಯಿತೆಂದು ನಾನು ಭಾವಿಸುವುದಿಲ್ಲ. ಆಸ್ತಿಯ ಪಾಲಿಗಾಗಿ ಮುನಿದ ಅಣ್ಣತಮ್ಮಂದಿರು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿ ಮಾತಾಡಿ ಬರುವುದಕ್ಕೆ ಆದಿತ್ಯವಾರದ ಒಂದು ಗಳಿಗೆ ಸಾಲದು, ಅದಕ್ಕೆ ಮುಂಚಿನ ಕೆಲವು ದಿನಗಳೂ, ಹೋಗಿಬನ್ನಿರೆಂದು ಹೇಳುವ ಹಿರಿಯರೂ ಬೇಕಾಗುತ್ತಾರೆ.