ಅಂತರ-ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿ ಅಂತಿಮ ಹಂತದ ಅರ್ಹತೆ

ಅಂತರ-ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿ ಅಂತಿಮ ಹಂತದ ಅರ್ಹತೆ ಎಂದರೆ ಭಾರತದ ಕಾಲೇಜು ಮತ್ತು ವಿಶ್ವವಿದ್ಯಾಲಯ ತಂಡಗಳಲ್ಲಿ ಯಾವುವು ಪ್ರಶಸ್ತಿ ಸುತ್ತಿನಲ್ಲಿ ಆಡಬೇಕು ಎಂಬುದನ್ನು ನಿರ್ಣಯಿಸುವ ಕ್ರಮ. ಈ ಸ್ಪರ್ಧೆಗಳನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುತ್ತದೆ. 1925ರಲ್ಲಿ ಅಂತರ-ವಿಶ್ವವಿದ್ಯಾಲಯ ಮಂಡಳಿಯಾಗಿ ಆರಂಭವಾದ ಈ ಸಂಸ್ಥೆಗೆ 1973ರಲ್ಲಿ ಈಗಿನ ಹೆಸರು ಬಂದಿತು. ಫುಟ್‌ಬಾಲ್, ಕಬಡ್ಡಿ, ಕೊಕ್ಕೊ, ವಾಲಿಬಾಲ್ ಮೊದಲಾದ ತಂಡ ಆಟಗಳಲ್ಲಿ ಅರ್ಹತೆಯು ಮುಖ್ಯವಾಗಿ ಮೈದಾನದ ಫಲಿತಾಂಶದಿಂದ ನಿರ್ಧಾರವಾಗುತ್ತದೆ.

ಹಂತಗಳು

ಮೊದಲ ಹಂತ ಅಂತರ-ಕಾಲೇಜು ಪಂದ್ಯಾವಳಿ. ಒಂದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳು ಇದರಲ್ಲಿ ಪರಸ್ಪರ ಆಡುತ್ತವೆ. ಈ ಪಂದ್ಯಗಳಲ್ಲಿ ಹಾಗೂ ಆಯ್ಕೆ ಪರೀಕ್ಷೆಯಲ್ಲಿ ತೋರಿದ ಆಟವನ್ನು ನೋಡಿ ವಿಶ್ವವಿದ್ಯಾಲಯದ ತಂಡವನ್ನು ಕಟ್ಟಲಾಗುತ್ತದೆ. ಹೀಗೆ ಆಯ್ಕೆಯಾದವರನ್ನು ಕರ್ನಾಟಕದಲ್ಲಿ 'ಯೂನಿವರ್ಸಿಟಿ ಬ್ಲೂ' ಎಂದು ಕರೆಯುವ ರೂಢಿಯಿದೆ.

ಎರಡನೆಯದು ವಲಯ ಹಂತ. ದೇಶವನ್ನು ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಲಾಗಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯಕ್ಕೆ ಸೇರುತ್ತವೆ. ವಲಯ ಪಂದ್ಯಾವಳಿಯು ಸಾಮಾನ್ಯವಾಗಿ ನಾಕೌಟ್ ಮತ್ತು ಲೀಗ್ ಎರಡನ್ನೂ ಬೆರೆಸಿದ ಮಾದರಿಯದು. ಸೋತವರು ಹೊರಹೋಗುವ ಪಂದ್ಯಗಳ ಮೂಲಕ ನಾಲ್ಕು ತಂಡಗಳು ಉಳಿಯುತ್ತವೆ; ಅವು ತಮ್ಮೊಳಗೆ ಲೀಗ್ ಆಡಿ ಸ್ಥಾನಗಳನ್ನು ನಿರ್ಣಯಿಸಿಕೊಳ್ಳುತ್ತವೆ.

ಮೂರನೆಯದು ಅಖಿಲ ಭಾರತ ಅಂತರ-ವಲಯ ಹಂತ. ಇದಕ್ಕೆ ಪ್ರತಿ ವಲಯದ ಮೊದಲ ನಾಲ್ಕು ತಂಡಗಳು, ಅಂದರೆ ಒಟ್ಟು 16 ತಂಡಗಳು, ಅರ್ಹತೆ ಪಡೆಯುತ್ತವೆ. ಅಥ್ಲೆಟಿಕ್ಸ್, ಕುಸ್ತಿಯಂತಹ ವೈಯಕ್ತಿಕ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ವಲಯ ಹಂತವಿಲ್ಲದೆ ನೇರವಾಗಿ ಅಖಿಲ ಭಾರತ ಮಟ್ಟದಲ್ಲಿ ಸ್ಪರ್ಧೆ ನಡೆಯುತ್ತದೆ.

ಧಾರವಾಡ ಜಿಲ್ಲೆಯಲ್ಲಿ

ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಕಲಾ, ವಾಣಿಜ್ಯ ಮತ್ತು ವಿಜ್ಞಾನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಈ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಸ್ಥಳಾಂತರವಾಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಪ್ರತ್ಯೇಕಗೊಂಡ ಬಳಿಕ ಅದರ ಕ್ರೀಡಾ ವ್ಯಾಪ್ತಿಯೂ ಕಿರಿದಾಯಿತು.

ಆಟಗಾರನು ತಾನು ಓದುತ್ತಿರುವ ವಿಶ್ವವಿದ್ಯಾಲಯದ ಪರವಾಗಿ ಮಾತ್ರ ಆಡಬಹುದು. ಆದ್ದರಿಂದ ಕುಂದಗೋಳದ ಒಂದೇ ಊರಿನಲ್ಲಿ ಒಟ್ಟಿಗೆ ಕಬಡ್ಡಿ ಕಲಿತ ಇಬ್ಬರಲ್ಲಿ ಪದವಿ ಕಾಲೇಜು ಸೇರಿದವನು ಕರ್ನಾಟಕ ವಿಶ್ವವಿದ್ಯಾಲಯಕ್ಕೂ, ಎಂಜಿನಿಯರಿಂಗ್ ಸೇರಿದವನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಆಡಬಹುದು. ದಕ್ಷಿಣ ವಲಯದಲ್ಲಿ ಅವರಿಬ್ಬರೂ ಎದುರಾಳಿಗಳಾಗಬಹುದು.

ಗ್ರಾಮೀಣ ಕಾಲೇಜುಗಳ ಮಟ್ಟಿಗೆ ಈ ಕ್ರಮಕ್ಕೆ ಎರಡು ಮುಖಗಳಿವೆ. ಅಂತರ-ಕಾಲೇಜು ಪಂದ್ಯಾವಳಿ ನಾಕೌಟ್ ಆಗಿದ್ದಾಗ ಸಣ್ಣ ಕಾಲೇಜಿನ ತಂಡವು ಒಂದೇ ಸೋಲಿಗೆ ಹೊರಬೀಳುತ್ತದೆ, ಅದರ ಉತ್ತಮ ಆಟಗಾರರು ಆಯ್ಕೆದಾರರ ಕಣ್ಣಿಗೆ ಬೀಳುವ ಅವಕಾಶವೂ ಕಡಿಮೆಯಾಗುತ್ತದೆ. ಇನ್ನೊಂದೆಡೆ, ಆಯ್ಕೆ ಪರೀಕ್ಷೆಯು ಕಾಲೇಜಿನ ಗೆಲುವು-ಸೋಲನ್ನು ಬದಿಗಿಟ್ಟು ಆಟಗಾರನನ್ನು ಮಾತ್ರ ಅಳೆಯುವುದರಿಂದ ದುರ್ಬಲ ತಂಡದಲ್ಲಿರುವ ಪ್ರತಿಭಾವಂತನಿಗೂ ದಾರಿ ತೆರೆದಿರುತ್ತದೆ.

ಅರ್ಹತೆಯ ಸಮಸ್ಯೆಗಳು

ನಾಕೌಟ್ ಮಾದರಿಯಲ್ಲಿ ಬಲಿಷ್ಠ ತಂಡಗಳೆರಡು ಆರಂಭದಲ್ಲೇ ಎದುರಾದರೆ ಒಂದು ಬೇಗನೆ ಹೊರಗುಳಿಯುತ್ತದೆ. ಇದನ್ನು ತಪ್ಪಿಸಲು ಹಿಂದಿನ ವರ್ಷ ಮೊದಲ ನಾಲ್ಕು ಸ್ಥಾನ ಪಡೆದ ತಂಡಗಳಿಗೆ ಶ್ರೇಯಾಂಕ ನೀಡಿ ಅವುಗಳನ್ನು ಪ್ರತ್ಯೇಕ ಭಾಗಗಳಲ್ಲಿ ಇರಿಸಲಾಗುತ್ತದೆ. ಆದರೆ ವಿದ್ಯಾರ್ಥಿಗಳು ಓದು ಮುಗಿಸಿ ಹೊರಹೋಗುವುದರಿಂದ ಹಿಂದಿನ ವರ್ಷದ ತಂಡವೇ ಈ ವರ್ಷವೂ ಇರುವುದಿಲ್ಲ.

ಲೀಗ್ ಮಾದರಿಯಲ್ಲಿ ಅಂಕಗಳು ಸಮವಾಗುವ ಸಮಸ್ಯೆಯಿದೆ. 'ಅ' ತಂಡವು 'ಬ'ವನ್ನು, 'ಬ' ತಂಡವು 'ಕ'ವನ್ನು, 'ಕ' ತಂಡವು 'ಅ'ವನ್ನು ಸೋಲಿಸಿ, ಮೂರೂ ನಾಲ್ಕನೆಯ ತಂಡವನ್ನು ಗೆದ್ದರೆ ಅವುಗಳ ಅಂಕ ಒಂದೇ ಆಗುತ್ತದೆ. ಆಗ ಪರಸ್ಪರ ಪಂದ್ಯದ ಫಲಿತಾಂಶ ಉಪಯೋಗಕ್ಕೆ ಬಾರದೆ, ಫುಟ್‌ಬಾಲ್‌ನಲ್ಲಿ ಗೋಲುಗಳ ಅಂತರವನ್ನು ನೋಡಬೇಕಾಗುತ್ತದೆ.

ಪ್ರತಿ ವಲಯಕ್ಕೂ ಸಮಾನವಾಗಿ ನಾಲ್ಕು ಸ್ಥಾನಗಳಿರುವುದು ಮತ್ತೊಂದು ಚರ್ಚೆಯ ವಿಷಯ. ಒಂದು ಆಟದಲ್ಲಿ ಪ್ರಬಲವಾದ ವಲಯದ ಐದನೆಯ ತಂಡವು ಇನ್ನೊಂದು ವಲಯದ ನಾಲ್ಕನೆಯದಕ್ಕಿಂತ ಉತ್ತಮವಾಗಿದ್ದರೂ ಅದಕ್ಕೆ ಅವಕಾಶವಿಲ್ಲ. ಆದರೂ ಸಮಾನ ಹಂಚಿಕೆಯಿಂದ ಎಲ್ಲ ಪ್ರದೇಶಗಳಿಗೂ ಪ್ರಾತಿನಿಧ್ಯ ದೊರೆಯುತ್ತದೆ.

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ

2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಈ ಕೂಟಕ್ಕೆ ತಂಡ ಆಟಗಳಲ್ಲಿ ಅಖಿಲ ಭಾರತ ಹಂತದ ಮೊದಲ ಎಂಟು ವಿಶ್ವವಿದ್ಯಾಲಯಗಳು ಅರ್ಹವಾಗುತ್ತವೆ. ಹೀಗಾಗಿ ಅಂತರ-ವಲಯದಲ್ಲಿ ಪ್ರಶಸ್ತಿ ಗೆಲ್ಲದ ತಂಡಕ್ಕೂ ಎಂಟನೆಯ ಸ್ಥಾನದ ಪಂದ್ಯ ಮಹತ್ವದ್ದಾಗಿದೆ. ಎರಡನೆಯ ಕೂಟವು 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದು, ಆತಿಥೇಯ ಜೈನ್ ವಿಶ್ವವಿದ್ಯಾಲಯವು 20 ಚಿನ್ನದ ಪದಕಗಳೊಂದಿಗೆ ಅಗ್ರಸ್ಥಾನ ಗಳಿಸಿತು.

ಅಮೆರಿಕದ ಕ್ರಮದೊಂದಿಗೆ ಹೋಲಿಕೆ

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವಿಭಾಗದಲ್ಲಿ ತಂಡಗಳ ಸಂಖ್ಯೆ ನೂರಕ್ಕೂ ಹೆಚ್ಚು. ಒಂದು ಋತುವಿನಲ್ಲಿ ಪ್ರತಿ ತಂಡ ಆಡುವ ಪಂದ್ಯಗಳು ಸುಮಾರು ಹನ್ನೆರಡು. ಎಲ್ಲರೂ ಎಲ್ಲರೊಂದಿಗೆ ಆಡುವುದು ಅಸಾಧ್ಯವಾದ್ದರಿಂದ ಅಲ್ಲಿ ಅಭಿಪ್ರಾಯಕ್ಕೆ ಹೆಚ್ಚಿನ ಪಾತ್ರವಿದೆ. ದೀರ್ಘಕಾಲ ಪತ್ರಕರ್ತರು ಹಾಗೂ ತರಬೇತುದಾರರ ಮತಗಳೇ ಚಾಂಪಿಯನ್ನರನ್ನು ಹೆಸರಿಸುತ್ತಿದ್ದವು. 1998ರಿಂದ 2013ರವರೆಗಿನ ಋತುಗಳಲ್ಲಿ ಮತಗಳನ್ನೂ ಗಣಕಯಂತ್ರದ ಶ್ರೇಣಿಗಳನ್ನೂ ಸೇರಿಸಿ ಎರಡು ತಂಡಗಳನ್ನು ಆರಿಸಲಾಗುತ್ತಿತ್ತು. 2014ರಿಂದ 13 ಸದಸ್ಯರ ಸಮಿತಿಯು ನಾಲ್ಕು ತಂಡಗಳನ್ನು ಆಯ್ಕೆಮಾಡತೊಡಗಿತು.

2023ರಲ್ಲಿ ಆಡಿದ 13 ಪಂದ್ಯಗಳನ್ನೂ ಗೆದ್ದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ಕೈಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾ ತಂಡವನ್ನು ಸೇರಿಸಿಕೊಂಡದ್ದು ತೀವ್ರ ವಿವಾದಕ್ಕೆ ಕಾರಣವಾಯಿತು. ಫ್ಲಾರಿಡಾ ಸ್ಟೇಟ್‌ನ ಪ್ರಮುಖ ಆಟಗಾರನು ಗಾಯಗೊಂಡಿದ್ದನ್ನು ಸಮಿತಿಯು ಪರಿಗಣಿಸಿತ್ತು. 2024ರಿಂದ ತಂಡಗಳ ಸಂಖ್ಯೆಯನ್ನು 12ಕ್ಕೆ ಏರಿಸಲಾಗಿದೆ.

ಭಾರತದ ಕ್ರಮದಲ್ಲಿ ಗೆದ್ದ ತಂಡವನ್ನು ಸಮಿತಿಯೊಂದು ಹೀಗೆ ಹೊರಗಿಡಲು ಅವಕಾಶವಿಲ್ಲ. ಇಲ್ಲಿ ಆಯ್ಕೆದಾರರ ವಿವೇಚನೆಯು ವಿಶ್ವವಿದ್ಯಾಲಯ ತಂಡದ ಆಟಗಾರರನ್ನು ಆರಿಸುವ ಹಂತಕ್ಕೆ ಸೀಮಿತವಾಗಿದ್ದು, ಆನಂತರದ ಸ್ಥಾನಗಳನ್ನು ಪಂದ್ಯಗಳೇ ನಿರ್ಣಯಿಸುತ್ತವೆ.