ಮನೆಯ ಮದ್ದು, ಕಾರ್ಖಾನೆಯ ತೋಟಾ

ಬಂದೂಕಿನ ಒಂದು ಈಡಿಗೆ ಬೇಕಾದ ಗುಂಡು, ಮದ್ದು ಮತ್ತು ಕಿಡಿಯ ಸಾಮಗ್ರಿಯನ್ನು ಒಟ್ಟಾಗಿ ಸೂಚಿಸಲು ಕನ್ನಡದಲ್ಲಿ ‘ಕಾಡತೂಸು’ ಎಂಬ ಪದವಿದೆ. ಹಿಂದುಸ್ತಾನಿಯ ‘ಕಾರತೂಸ್’ ಇದರ ಸೋದರ ರೂಪ. ಇವೆರಡೂ ಯೂರೋಪಿನ ಭಾಷೆಗಳಿಂದ ಬಂದವು. ಅಲ್ಲಿ ಈ ಪದದ ಬೇರು ಕಾಗದವೆಂಬ ಅರ್ಥದ ‘ಕಾರ್ತಾ’ದಲ್ಲಿದೆ. ಇಂದು ಹಿತ್ತಾಳೆಯ ಒಡಲುಳ್ಳ ವಸ್ತುವಿಗೆ ಕಾಗದದ ಹೆಸರು ಉಳಿದುಬಂದಿರುವುದು ಆಕಸ್ಮಿಕವಲ್ಲ. ಅಳತೆಯ ಮದ್ದನ್ನೂ ಸೀಸದ ಗುಂಡನ್ನೂ ಕಾಗದದಲ್ಲಿ ಸುತ್ತಿಟ್ಟುಕೊಳ್ಳುತ್ತಿದ್ದ ಕಾಲದ ನೆನಪನ್ನು ಪದವು ಹೊತ್ತುಕೊಂಡು ಬಂದಿದೆ. ಮಲೆನಾಡಿನ ಬೇಟೆಗಾರರ ಮಾತಿನಲ್ಲಿ ಈ ಚರಿತ್ರೆ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ‘ಕೇಪಿನ ಕೋವಿ’ ಬೇರೆ, ‘ತೋಟಾ ಕೋವಿ’ ಬೇರೆ. ಮೊದಲನೆಯದಕ್ಕೆ ಮದ್ದನ್ನು ಅಳೆದು, ಗಜದಿಂದ ಜಡಿದು, ಕೇಪು ಕೂರಿಸುವವನು ಕೋವಿಯ ಒಡೆಯನೇ. ಎರಡನೆಯದಕ್ಕೆ ಬೇಕಾದುದು ಬೇರೆಲ್ಲಿಯೋ ಸಿದ್ಧವಾಗಿ ಬಂದ ತೋಟಾ.

ಈ ಎರಡು ಕೋವಿಗಳ ನಡುವಿನ ಅಂತರದಲ್ಲಿ ಒಂದು ಪ್ರಶ್ನೆಯಿದೆ. ಗುಂಡು ಹಾರಿಸುವವನು ತನ್ನ ತೋಟಾವನ್ನು ತಾನೇ ಕಟ್ಟಿಕೊಳ್ಳಬೇಕೇ, ಕಾರ್ಖಾನೆಯಿಂದ ಕೊಳ್ಳಬೇಕೇ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಒಮ್ಮೆ ಹಾರಿಸಿದ ಪಿಸ್ತೂಲಿನ ತೋಟಾದ ಹಿತ್ತಾಳೆಯ ಕೋಶವನ್ನು ಹೆಕ್ಕಿ ತಂದು, ಮನೆಯಲ್ಲಿ ಮತ್ತೆ ತುಂಬಿಕೊಳ್ಳುವವರು ಅಲ್ಲಿ ಬಹಳ ಮಂದಿ. ಸಾಮಾನ್ಯವಾಗಿ ಇದನ್ನು ಉಳಿತಾಯದ ಲೆಕ್ಕವೆಂದು ತಿಳಿಯಲಾಗುತ್ತದೆ. ಚರಿತ್ರೆಯನ್ನು ನೋಡಿದರೆ ಇದು ಹಣದ ಪ್ರಶ್ನೆಗಿಂತ ಅವಲಂಬನೆಯ ಪ್ರಶ್ನೆಯೆಂದು ತೋರುತ್ತದೆ. ಆಯುಧವನ್ನು ಹಿಡಿದವನು ಯಾರ ಕೈ ಕಾಯಬೇಕು ಎಂಬುದು ಅದರ ತಿರುಳು.

ಸಿದ್ಧ ತೋಟಾದ ಬಗೆಗಿನ ಅಪನಂಬಿಕೆ ಭಾರತದ ಚರಿತ್ರೆಯಲ್ಲಿಯೇ ಒಂದು ದೊಡ್ಡ ಅಧ್ಯಾಯವಾಗಿದೆ. 1857ರ ಜನವರಿಯಲ್ಲಿ ಕಲ್ಕತ್ತೆಯ ಸಮೀಪದ ದಮ್‌ದಮ್‌ನಲ್ಲಿ ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸಿಗೆ ದನ ಮತ್ತು ಹಂದಿಯ ಕೊಬ್ಬನ್ನು ಬಳಿಯಲಾಗಿದೆಯೆಂಬ ವದಂತಿ ಹಬ್ಬಿತು. ತಿಂಗಳು ಮುಗಿಯುವ ಮೊದಲೇ ಸರ್ಕಾರವು ಜಿಡ್ಡಿಲ್ಲದ ಕಾಡತೂಸುಗಳನ್ನು ಕೊಟ್ಟು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದು ಆದೇಶಿಸಿತು. ಹಲ್ಲಿನಿಂದ ಕಚ್ಚುವ ಬದಲು ಕೈಯಿಂದ ಹರಿಯುವಂತೆ ಕವಾಯತನ್ನೂ ಬದಲಿಸಿತು. ಆದರೆ ಹೋದ ನಂಬಿಕೆ ಮರಳಲಿಲ್ಲ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ಕಾಡತೂಸನ್ನು ಮುಟ್ಟಲು ನಿರಾಕರಿಸಿದರು. ಅಂದು ಅವರ ಮುಂದಿಟ್ಟದ್ದು ಹಳೆಯ ಬಗೆಯ ಕಾಡತೂಸೇ ಆಗಿತ್ತು. ಆ ಬಂಡಾಯಕ್ಕೆ ಅನೇಕ ಕಾರಣಗಳಿದ್ದವು. ಆದರೂ ತಾನು ಬಳಸುವ ವಸ್ತುವಿನೊಳಗೆ ಏನಿದೆ ಎಂಬುದು ಮಾಡಿದವನಿಗಷ್ಟೇ ಗೊತ್ತಿರುವ ಸ್ಥಿತಿ ಎಂಥ ಅಳುಕನ್ನು ಹುಟ್ಟಿಸಬಲ್ಲುದು ಎಂಬುದನ್ನು ಈ ಘಟನೆ ತೋರಿಸುತ್ತದೆ.

ಅದೇ ವರ್ಷ ಅಮೆರಿಕದಲ್ಲಿ ಬೇರೊಂದು ಬಗೆಯ ಬದಲಾವಣೆ ಆರಂಭವಾಯಿತು. ಅಲ್ಲಿಯವರೆಗೆ ಸ್ಯಾಮ್ಯುಯಲ್ ಕೋಲ್ಟನ ರಿವಾಲ್ವರ್ ಕೊಂಡವನಿಗೆ ಪೆಟ್ಟಿಗೆಯಲ್ಲಿ ಗುಂಡು ಎರಕ ಹೊಯ್ಯುವ ಅಚ್ಚೂ ಮದ್ದಿನ ಬುರುಡೆಯೂ ದೊರೆಯುತ್ತಿದ್ದವು. ಸಿದ್ಧ ಕಾಡತೂಸುಗಳನ್ನು ಕೋಲ್ಟನ ಸಂಸ್ಥೆಯೇ ಮಾರುತ್ತಿದ್ದರೂ ಒಲೆಯ ಮೇಲೆ ಸೀಸ ಕರಗಿಸಿ ಗುಂಡು ಮಾಡಿಕೊಳ್ಳುವುದು ಮನೆಗೆಲಸಗಳಲ್ಲಿ ಒಂದಾಗಿತ್ತು. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆಯು ಲೋಹದ ತೋಟಾ ಬಳಸುವ ತನ್ನ ಮೊದಲ ಪುಟ್ಟ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಆ ತೋಟಾದಲ್ಲಿ ಕಿಡಿ ಹುಟ್ಟಿಸುವ ರಾಸಾಯನಿಕವು ಕೋಶದ ಅಂಚಿನ ಮಡಿಕೆಯೊಳಗೆ ಅಡಗಿತ್ತು. ಸುತ್ತಿಗೆಯ ಹೊಡೆತಕ್ಕೆ ಆ ಅಂಚು ನಜ್ಜಾಗುತ್ತಿದ್ದುದರಿಂದ ಕೋಶವು ಒಂದೇ ಈಡಿಗೆ ಮುಗಿಯುತ್ತಿತ್ತು. ಮಳೆಗೆ ಕೆಡದ, ಕ್ಷಣದಲ್ಲಿ ತುಂಬಬಹುದಾದ ಈ ತೋಟಾ ನಿಜವಾಗಿಯೂ ಅನುಕೂಲಕರ. ಆದರೆ ಅದು ಮುಗಿದಾಗ ಅಂಗಡಿಯಲ್ಲದೆ ಬೇರೆ ದಾರಿಯಿರಲಿಲ್ಲ.

ಈ ದಾರಿಯನ್ನು ಮತ್ತೆ ತೆರೆದದ್ದು ಒಂದು ಸಣ್ಣ ತಾಂತ್ರಿಕ ವಿವರ. ಕೋಶದ ತಳದ ನಡುವೆ, ಇಂಗ್ಲಿಷಿನವರು ಪ್ರೈಮರ್ ಎನ್ನುವ ಪುಟ್ಟ ಕೇಪನ್ನು ಕೂರಿಸುವ ವಿಧಾನ 1860ರ ದಶಕದಲ್ಲಿ ಎರಡು ಬಗೆಯಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಎಡ್ವರ್ಡ್ ಬಾಕ್ಸರ್ ಒಂದು ಬಗೆಗೂ, ಅಮೆರಿಕದ ಹೈರಮ್ ಬರ್ಡನ್ ಇನ್ನೊಂದಕ್ಕೂ ಹೆಸರು ಕೊಟ್ಟರು. ಕೇಪಿನ ರಾಸಾಯನಿಕವು ಸುತ್ತಿಗೆಯ ಏಟಿಗೆ ಸಿಕ್ಕಿ ಸಿಡಿಯಲು ಅದರ ಹಿಂದೆ ಪುಟ್ಟ ಅಡಿಗಲ್ಲೊಂದು ಬೇಕು. ಬಾಕ್ಸರನ ವಿಧಾನದಲ್ಲಿ ಆ ಅಡಿಗಲ್ಲು ಕೇಪಿನೊಳಗೇ ಇರುತ್ತದೆ. ಕೋಶದ ತಳದಲ್ಲಿ ನಡುವೆ ಒಂದೇ ರಂಧ್ರ. ಬರ್ಡನ್ನನ ವಿಧಾನದಲ್ಲಿ ಅಡಿಗಲ್ಲು ಕೋಶದ ಭಾಗವೇ ಆಗಿದ್ದು, ರಂಧ್ರಗಳು ಅದರ ಪಕ್ಕಕ್ಕಿರುತ್ತವೆ. ಮೊದಲನೆಯದರಲ್ಲಿ ನಡುವಿನ ರಂಧ್ರದ ಮೂಲಕ ಒಂದು ಕಡ್ಡಿಯನ್ನು ಒತ್ತಿದರೆ ಹಳೆಯ ಕೇಪು ಹೊರಬೀಳುತ್ತದೆ. ಎರಡನೆಯದರಲ್ಲಿ ಅದನ್ನು ಮೀಟಿ ತೆಗೆಯುವುದು ತೊಡಕಿನ ಕೆಲಸ. ಚರಿತ್ರೆಯ ವ್ಯಂಗ್ಯವೆಂದರೆ ಇಂಗ್ಲಿಷ್ ಅಧಿಕಾರಿಯ ವಿಧಾನವು ಅಮೆರಿಕದಲ್ಲಿ ನೆಲೆನಿಂತಿತು, ಅಮೆರಿಕದವನ ವಿಧಾನವು ಯೂರೋಪಿನ ಬಹುಭಾಗದಲ್ಲಿ ಹರಡಿತು. ಅಮೆರಿಕದಲ್ಲಿ ಮನೆಯ ಮದ್ದು ಉಳಿದುಬರಲು ಈ ಒಂದು ರಂಧ್ರದ ಪಾತ್ರ ಚಿಕ್ಕದಲ್ಲ.

ಕೋಶವನ್ನು ಮತ್ತೆ ತುಂಬಬಹುದೇ ಎಂಬ ಪ್ರಶ್ನೆ ಎಷ್ಟು ಗಂಭೀರವಾಗಬಲ್ಲುದೆಂಬುದನ್ನು 1876ರ ಘಟನೆಗಳು ತಿಳಿಸುತ್ತವೆ. ಆ ವರ್ಷದ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಶಾಯೆನ್ ಯೋಧರು ಕಸ್ಟರನ ದಳವನ್ನು ನಿರ್ನಾಮ ಮಾಡಿದರು. ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ಸು, ಹಗೆಗಳೆನಿಸಿದ ಮೂಲನಿವಾಸಿಗಳಿಗೆ ಲೋಹದ ತೋಟಾಗಳು ತಲುಪದಂತೆ ತಡೆಯುವ ಅಧಿಕಾರವನ್ನು ಅಧ್ಯಕ್ಷರಿಗೆ ನೀಡುವ ನಿರ್ಣಯವನ್ನು ಅಂಗೀಕರಿಸಿತು. ಬಂದೂಕನ್ನು ಕಸಿಯುವುದು ಕಷ್ಟ. ತೋಟಾವನ್ನು ನಿಲ್ಲಿಸಿದರೆ ಬಂದೂಕು ತಾನಾಗಿಯೇ ದೊಣ್ಣೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಕಾರ್ಖಾನೆಯ ತೋಟಾ ಬಂದ ಮೇಲೆ ಮಾತ್ರ ಇಂಥ ತಡೆಗೆ ಬಲ ಬರಲು ಸಾಧ್ಯವಿತ್ತು. ಇದಕ್ಕೆ ಆ ಜನರ ಉತ್ತರವೂ ಅಷ್ಟೇ ಗಮನಾರ್ಹ. ಬಳಸಿ ಬಿಸುಟ ಕೋಶಗಳನ್ನು ಹೆಕ್ಕಿ, ಸಿಕ್ಕಿದ ಕೇಪು, ಮದ್ದು ಮತ್ತು ಸೀಸದಿಂದ ಅವುಗಳನ್ನು ಮತ್ತೆ ತುಂಬುವುದನ್ನು ಅವರು ಕಲಿತಿದ್ದರು.

1983ರಲ್ಲಿ ಆ ಯುದ್ಧಭೂಮಿಯ ಹುಲ್ಲು ಬೆಂಕಿಗೆ ಆಹುತಿಯಾಯಿತು. ಮುಂದಿನ ಎರಡು ವರ್ಷ ಪುರಾತತ್ತ್ವಜ್ಞರು ಬಯಲಾದ ನೆಲವನ್ನು ಶೋಧಿಸಿ, ಕೋಶಗಳ ತಳದಲ್ಲಿ ಬಂದೂಕಿನ ಮೊಳೆ ಒತ್ತಿದ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಪ್ರತಿ ಬಂದೂಕಿನ ಗುರುತು ಬೇರೆಯಾದುದರಿಂದ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಚಲಿಸಿತೆಂಬುದನ್ನೂ ಅವರು ಗುರುತಿಸಬಲ್ಲವರಾದರು. ಶಾಸನವನ್ನು ಓದುವವನು ಅಕ್ಷರದ ತಿರುವಿನಿಂದ ಕಾಲವನ್ನು ನಿರ್ಣಯಿಸುವಂತೆ, ಇಲ್ಲಿ ಬಿಸುಟ ಕೋಶವೇ ಲಿಖಿತ ಆಧಾರವಾಯಿತು.

ಅಮೆರಿಕದ ಪಶ್ಚಿಮದ ವಲಸಿಗರಿಗೂ ಈ ವಿದ್ಯೆ ಅನಿವಾರ್ಯವಾಗಿತ್ತು. ಅಂಗಡಿ ದಿನಗಟ್ಟಲೆ ದೂರವಿರುವಲ್ಲಿ ಖಾಲಿ ಕೋಶವು ಬಿಸಾಡುವ ವಸ್ತುವಾಗಿರಲಿಲ್ಲ. 1873ರ ವಿಂಚೆಸ್ಟರ್ ಬಂದೂಕಿನ ತೋಟಾವನ್ನೇ ಬಳಸುವ ಕೋಲ್ಟ್ ರಿವಾಲ್ವರ್ ಆ ದಶಕದ ಕೊನೆಯ ಹೊತ್ತಿಗೆ ಬಂದಾಗ, ಒಂದೇ ಸಲಕರಣೆಯಿಂದ ಎರಡೂ ಆಯುಧಗಳಿಗೆ ತೋಟಾ ತುಂಬಿಕೊಳ್ಳುವುದು ಸಾಧ್ಯವಾಯಿತು. ತೋಟಾ ಮಾರುವ ವಿಂಚೆಸ್ಟರ್ ಸಂಸ್ಥೆಯೇ ಮರುತುಂಬುವ ಸಲಕರಣೆಗಳನ್ನೂ ಮಾರಿತು. 1884ರಲ್ಲಿ ಜಾನ್ ಬಾರ್ಲೋ ಕನೆಕ್ಟಿಕಟ್‌ನಲ್ಲಿ ಸ್ಥಾಪಿಸಿದ ಐಡಿಯಲ್ ಸಂಸ್ಥೆಯು ಇಕ್ಕಳದಾಕಾರದ ಸಲಕರಣೆಗಳ ಜೊತೆಗೆ ಕೈಪಿಡಿಗಳನ್ನೂ ಪ್ರಕಟಿಸಿತು. ಅಪ್ಪನಿಂದ ಮಗ ಕಲಿಯುತ್ತಿದ್ದ ವಿದ್ಯೆ ಹೀಗೆ ಪುಸ್ತಕದ ವಿದ್ಯೆಯಾಯಿತು. 1925ರಲ್ಲಿ ಈ ವ್ಯವಹಾರವು ಲೈಮನ್ ಸಂಸ್ಥೆಯ ಕೈಸೇರಿತು.

ಅಷ್ಟರಲ್ಲಿ ಮದ್ದಿನ ಸ್ವಭಾವವೇ ಬದಲಾಗಿತ್ತು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದನು. ಹಳೆಯ ಕರಿಮದ್ದನ್ನು ಅದಕ್ಕೆಂದೇ ರೂಪಿಸಿದ ಕೋಶದ ತುಂಬ ಸುರಿದರೂ ಅಪಾಯ ಕಡಿಮೆ, ಕೋಶವೇ ಅಳತೆ. ಹೊಸ ಮದ್ದು ಹಾಗಲ್ಲ. ಅದರ ಶಕ್ತಿ ಹಲವು ಪಟ್ಟು ಹೆಚ್ಚಾದುದರಿಂದ ಪಿಸ್ತೂಲಿನ ಕೋಶದಲ್ಲಿ ಅದು ತುಂಬುವ ಜಾಗ ಅಲ್ಪ. ಮೈಮರೆತು ಎರಡು ಸಲ ಸುರಿದರೂ ಕೋಶ ತುಳುಕದೆ ಹೋಗಬಹುದು; ಆ ತಪ್ಪು ಗೊತ್ತಾಗುವುದು ಆಯುಧ ಕೈಯಲ್ಲೇ ಸಿಡಿದಾಗ. ಇದರ ಜೊತೆಗೆ ಅಂದಿನ ಕೇಪುಗಳಲ್ಲಿದ್ದ ಪಾದರಸವು ಹೊಸ ಮದ್ದಿನೊಡನೆ ಸೇರಿ ಹಿತ್ತಾಳೆಯನ್ನು ಬಿರುಸಾಗಿಸಿ, ಮರುಬಳಕೆಗೆ ಒದಗದಂತೆ ಮಾಡುತ್ತಿತ್ತು. ಕಾರ್ಖಾನೆಯ ತೋಟಾದ ಪರವಾದ ವಾದಕ್ಕೆ ಗಟ್ಟಿಯಾದ ಆಧಾರ ದೊರೆತದ್ದು ಇಲ್ಲಿಯೇ. ಒತ್ತಡವನ್ನು ಅಳೆಯುವ ಯಂತ್ರ, ಒಂದೇ ಪ್ರಮಾಣದ ತಯಾರಿಕೆ, ಪರೀಕ್ಷೆ—ಇವು ಅಡುಗೆಮನೆಯ ಮೇಜಿನ ಮೇಲೆ ಸಿಗುವಂಥವಲ್ಲ. ಮನೆಯಲ್ಲಿ ತುಂಬುವವನಿಗೆ ತನ್ನ ಎಚ್ಚರವೇ ಪರೀಕ್ಷಕ.

ಹಾಗೆಂದು ಕಲಿಯುವ ಕೈ ಮನೆಯದು, ಕಲಿಸುವ ಕೈ ಕಾರ್ಖಾನೆಯದು ಎನ್ನಲಾಗದು. ಅನೇಕ ಸಲ ಈ ಸಂಬಂಧ ತಿರುವುಮುರುವಾಗಿದೆ. ಐಡಾಹೊದ ರೈತ, ಬೇಟೆಗಾರ ಎಲ್ಮರ್ ಕೀತ್ ದಶಕಗಳ ಕಾಲ ತಾನೇ ತುಂಬಿದ ತೋಟಾಗಳೊಡನೆ ಪ್ರಯೋಗ ನಡೆಸಿ, ಅವುಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುತ್ತ ಬಂದನು. 1950ರ ದಶಕದ ಮಧ್ಯದಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಸಂಸ್ಥೆಗಳು ಹೊರತಂದ ಪ್ರಸಿದ್ಧ ‘.44 ಮ್ಯಾಗ್ನಮ್’ ತೋಟಾದ ಹಿಂದೆ ಅವನ ಪ್ರಯೋಗಗಳ ಒತ್ತಾಸೆಯಿತ್ತು. 1935ರ ‘.357 ಮ್ಯಾಗ್ನಮ್’ ರೂಪುಗೊಳ್ಳುವುದರಲ್ಲಿಯೂ ಫಿಲಿಪ್ ಶಾರ್ಪ್ ಎಂಬ ಪ್ರಯೋಗಶೀಲ ಬರಹಗಾರನ ಪಾಲಿತ್ತು. ಹವ್ಯಾಸಿಯ ಮೇಜಿನ ಮೇಲಿನ ಪ್ರಯೋಗವೇ ಕಾರ್ಖಾನೆಯ ಸರಕಾಗಿ ಮರಳಿ ಬಂದ ನಿದರ್ಶನಗಳಿವು.

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಈ ರೂಢಿ ಜನಸಾಮಾನ್ಯರ ಹವ್ಯಾಸವಾಗಿ ಬೆಳೆಯಿತು. ಸೇನೆಯಲ್ಲಿ ಮಿಕ್ಕುಳಿದ ಮದ್ದನ್ನು ಕೊಂಡು ಬ್ರೂಸ್ ಹಾಡ್ಜ್‌ಡನ್ ಚಿಲ್ಲರೆಯಾಗಿ ಮಾರಿದನು. ನೆಬ್ರಾಸ್ಕಾದಲ್ಲಿ ಜಾಯ್ಸ್ ಹಾರ್ನಡಿ ಗುಂಡುಗಳ ತಯಾರಿಕೆಗೆ ತೊಡಗಿದನು. 1958ರಲ್ಲಿ ರಿಚರ್ಡ್ ಲೀ ಮೊದಲು ಶಾಟ್‌ಗನ್ ತೋಟಾಗಳಿಗಾಗಿ ರೂಪಿಸಿದ ಅಗ್ಗದ ಸಲಕರಣೆಯ ಮಾದರಿ ಮುಂದೆ ಪಿಸ್ತೂಲಿನ ತೋಟಾಗಳಿಗೂ ಬಂದಿತು. ಕಾನೂನೂ ಇದಕ್ಕೆ ಅಡ್ಡಬರಲಿಲ್ಲ. 1968ರ ಬಂದೂಕು ನಿಯಂತ್ರಣ ಕಾಯಿದೆಯು ತೋಟಾ ಮಾರುವವರಿಗೆ ಪರವಾನಗಿಯನ್ನು ವಿಧಿಸಿತು. ಆದರೆ ಸ್ವಂತ ಬಳಕೆಗೆ ತುಂಬಿಕೊಳ್ಳಲು ಒಕ್ಕೂಟ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಲು ತಯಾರಿಸಿದರೆ ಮಾತ್ರ ಬೇಕು.

ಭಾರತದಲ್ಲಿ ಈ ಚರಿತ್ರೆ ಬೇರೆ ದಿಕ್ಕಿಗೆ ತಿರುಗಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದೆ ಆ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದು ಸಂಹಾರಕ್ಕೆ ಗುರಿಯಾದರು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದ ಆ ಪ್ರಸಂಗ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಬೇಟೆಯಿಂದ ಬದುಕುವವನಿಗೆ ಹತಾರವೆಂದರೆ ಅನ್ನ ಮತ್ತು ಮಾನ ಎರಡೂ ಹೌದು. 1869ರಲ್ಲಿ ಪುಣೆಯ ಸಮೀಪದ ಖಡಕಿಯಲ್ಲಿ ಸರ್ಕಾರದ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು. 1878ರ ಶಸ್ತ್ರ ಕಾಯಿದೆಯು ಆಯುಧವನ್ನು ಪರವಾನಗಿಗೆ ಕಟ್ಟಿಹಾಕಿತು. ಸ್ವತಂತ್ರ ಭಾರತದ 1959ರ ಕಾಯಿದೆಯ ಪ್ರಕಾರವೂ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಕಾಯಿದೆಯ ಕಣ್ಣಿನಲ್ಲಿ ಮದ್ದುಗುಂಡೇ. ಕೊಡಗಿನವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅದು ಕೋವಿಯನ್ನು ಹೊಂದುವ ಹಕ್ಕು, ತೋಟಾ ತಯಾರಿಸುವ ಹಕ್ಕಲ್ಲ.

ಈ ಎರಡು ದೇಶಗಳಲ್ಲಿ ಯಾವುದರ ಮಾರ್ಗ ಸರಿ ಎಂಬುದನ್ನು ತೋಟಾದ ಚರಿತ್ರೆಯೊಂದೇ ನಿರ್ಣಯಿಸಲಾರದು. ಬಂದೂಕಿನಿಂದ ಅಮೆರಿಕವು ತೆರುತ್ತಿರುವ ಬೆಲೆ ಜಗತ್ತಿಗೆ ತಿಳಿದಿದೆ. ನಿಶ್ಶಸ್ತ್ರರಾದ ಪ್ರಜೆಗಳ ನೋವು ಹಲಗಲಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ತುಂಬಿಕೊಳ್ಳುವವನು ಸ್ವಾವಲಂಬಿಯೆಂಬ ನಂಬಿಕೆಯನ್ನು ಮಾತ್ರ ಈ ಚರಿತ್ರೆ ಪರೀಕ್ಷೆಗೆ ಒಡ್ಡುತ್ತದೆ. ಸೀಸವನ್ನು ಕರಗಿಸಬಹುದು, ಕೋಶವನ್ನು ಹೆಕ್ಕಬಹುದು. ಕೇಪು ಮಾತ್ರ ಕಾರ್ಖಾನೆಯಿಂದಲೇ ಬರಬೇಕು. 2020–21ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾಗಳು ಖಾಲಿಯಾದಾಗ ಕೇಪುಗಳೂ ಕಾಣೆಯಾದವು. ಮನೆಯ ಕಪಾಟಿನಲ್ಲಿ ಸಲಕರಣೆಯಿದ್ದವರೂ ಅಂಗಡಿಯ ಮುಂದಿನ ಸಾಲಿನಲ್ಲಿಯೇ ನಿಂತರು. ಕಾಗದದಿಂದ ಹಿತ್ತಾಳೆಗೆ ಬಂದ ಕಾಡತೂಸು ಹಿಡಿದವನ ಕೈಗೆ ವೇಗವನ್ನು ಕೊಟ್ಟಿತು, ಅನುಕೂಲವನ್ನು ಕೊಟ್ಟಿತು. ಪ್ರತಿಯಾಗಿ ಆ ಕೈಯನ್ನು ದೂರದ ಕಾರ್ಖಾನೆಯೊಂದಕ್ಕೆ ಕಟ್ಟಿಹಾಕಿತು. ಮನೆಯಲ್ಲಿ ತುಂಬುವವನು ಆ ಕಟ್ಟನ್ನು ಸಡಿಲಿಸಿಕೊಂಡವನೇ ಹೊರತು ಬಿಡಿಸಿಕೊಂಡವನಲ್ಲ.