ಮೈಲುತುತ್ತ: ಕರಗುವ ತಾಮ್ರ, ಕರಗದ ತಾಮ್ರ

ಮೈಲುತುತ್ತ ಎಂಬ ಗಾಢ ನೀಲಿ ಹರಳು ರಾಸಾಯನಿಕವಾಗಿ ಐದು ನೀರಿನ ಅಣುಗಳನ್ನು ಹೊತ್ತ ತಾಮ್ರದ ಸಲ್ಫೇಟ್. ಅದರ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ಐದು ಅಣುಗಳಲ್ಲಿ ನಾಲ್ಕು ತಾಮ್ರದ ಅಯಾನಿಗೆ ನೇರವಾಗಿ ಕೂಡಿಕೊಂಡಿವೆ. ಐದನೆಯದು ಹೈಡ್ರೋಜನ್ ಬಂಧಗಳ ಮೂಲಕ ಸಲ್ಫೇಟಿಗೆ ಬೆಸೆದಿದೆ. ಕಾಯಿಸಿದಾಗ ಈ ಭೇದ ಗೊತ್ತಾಗುತ್ತದೆ. ನಾಲ್ಕು ಅಣುಗಳು ಎರಡೆರಡಾಗಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನೊಳಗೆ ಹೊರಟುಹೋದರೆ, ಕೊನೆಯದು 200 ಡಿಗ್ರಿಯ ಆಸುಪಾಸಿನವರೆಗೂ ಬಿಡುವುದಿಲ್ಲ. ಆಗ ಉಳಿಯುವ ಬಿಳಿ ಪುಡಿ ನೀರು ತಾಗಿದೊಡನೆ ಮತ್ತೆ ನೀಲಿಯಾಗುವುದರಿಂದ, ದ್ರವಗಳಲ್ಲಿ ನೀರಿನಂಶ ಪತ್ತೆಹಚ್ಚಲು ಅದನ್ನು ಬಳಸುತ್ತಾರೆ. 1912ರಲ್ಲಿ ಮ್ಯೂನಿಕ್‌ನಲ್ಲಿ ಭೌತವಿಜ್ಞಾನಿ ಲಾವೆಯ ಸೂಚನೆಯಂತೆ ಫ್ರೀಡ್ರಿಖ್ ಮತ್ತು ಕ್ನಿಪ್ಪಿಂಗ್ ಎಕ್ಸ್-ಕಿರಣಗಳ ವಿವರ್ತನೆಯನ್ನು ಮೊದಲು ದಾಖಲಿಸಿದ್ದೂ ಈ ಲವಣದ ಹರಳಿನಲ್ಲೇ.

ತಾಮ್ರದ ಶುದ್ಧೀಕರಣ, ವಿದ್ಯುಲ್ಲೇಪನ, ಸಕ್ಕರೆ ಪತ್ತೆಗೆ ಬಳಸುವ ಬೆನೆಡಿಕ್ಟ್ ದ್ರಾವಣ ಇವೆಲ್ಲಕ್ಕೂ ಮೈಲುತುತ್ತ ಬೇಕು. ಆದರೆ ಅದರ ಗುಣದೋಷಗಳೆರಡೂ ಸ್ಪಷ್ಟವಾಗಿ ಕಾಣುವುದು ಕೃಷಿಯಲ್ಲಿ. ನೀರಿನಲ್ಲಿ ಸಲೀಸಾಗಿ ಕರಗಿ ತಾಮ್ರದ ಅಯಾನುಗಳನ್ನು ಬಿಡುವುದರಿಂದ ಅದು ಶಿಲೀಂಧ್ರಗಳಿಗೆ ಮಾರಕ. ಅದೇ ಕಾರಣಕ್ಕೆ ಎಲೆಯನ್ನೂ ಸುಡುತ್ತದೆ, ಮಳೆಗೂ ತೊಳೆದುಹೋಗುತ್ತದೆ. ಸುಣ್ಣ ಬೆರೆಸಿದಾಗ ದ್ರಾವಣದ ಆಮ್ಲತೆ ಅಳಿದು, ತಾಮ್ರವು ಕರಗದ ನೀಲಿ ಗಸಿಯಾಗಿ ಎಲೆ ಕಾಯಿಗಳಿಗೆ ಅಂಟಿ, ತೇವವಿದ್ದಾಗ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಇದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ದೆ 1885ರಲ್ಲಿ ಮಿಶ್ರಣದ ವಿವರ ಪ್ರಕಟಿಸಿದ.

ಮಲೆನಾಡಿನ ಅಡಿಕೆಗೆ ಇದು ಬಂದದ್ದು ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗದ ದೆಸೆಯಿಂದ. ಅದಕ್ಕೂ ಮೊದಲು ಗೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿ, ಬೋರ್ಡೋ ಮಿಶ್ರಣದ ಸಿಂಪಡಣೆಗೆ ದಾರಿ ಮಾಡಿದ. ಇಂದಿಗೂ ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕಿಲೋ. ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ನಂತರ ಇನ್ನೊಮ್ಮೆ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಎರಡನ್ನೂ ಬೇರೆಬೇರೆ ಪಾತ್ರೆಗಳಲ್ಲಿ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯಬೇಕು. ಮಿಶ್ರಣದಲ್ಲಿ ಅದ್ದಿದ ಕಬ್ಬಿಣದ ಕತ್ತಿಗೆ ಕೆಂಪು ಲೇಪ ಹತ್ತಿದರೆ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಪ್ರಯೋಗಾಲಯದ ನೆರವಿಲ್ಲದೆ ತೋಟದಲ್ಲೇ ನಡೆಯುವ ಈ ಪರೀಕ್ಷೆ ರಸಾಯನಶಾಸ್ತ್ರದ ಪಾಠಗಳಲ್ಲಿ ಇನ್ನೂ ಹೆಚ್ಚಿನ ಜಾಗಕ್ಕೆ ಅರ್ಹ. ಕಬ್ಬಿಣದ ಪಾತ್ರೆ ನಿಷಿದ್ಧವಾಗಿರುವುದೂ ಇದೇ ಕ್ರಿಯೆಯಿಂದ.

ತಾಮ್ರ ಮೂಲಧಾತುವಾದ್ದರಿಂದ ಮಣ್ಣಿನಲ್ಲಿ ಕೊಳೆತು ಇಲ್ಲವಾಗುವುದಿಲ್ಲ. ವರ್ಷವರ್ಷವೂ ಸಿಂಪಡಿಸಿದ ತೋಟಗಳ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತ ಎರೆಹುಳುಗಳಿಗೆ ತೊಂದರೆ ಕೊಡುತ್ತದೆ. ಮೀನುಗಳಿಗಂತೂ ಅದು ಅಲ್ಪ ಪ್ರಮಾಣದಲ್ಲೇ ವಿಷ. ಉಳಿದ ದ್ರಾವಣವನ್ನು ಹಳ್ಳಕ್ಕೆ, ಕೆರೆಗೆ ಚೆಲ್ಲಬಾರದು.